ಮರಾಠಿಯ ಎರಡು ‘ನಾವು’

ನನ್ನ ಗಂಡನಿಗೆ ಮರಾಠಿಯ ‘ನಾವು’ ಕಲಿಸಿದವಳು ನಾನು. ನೆಂಟರಿಷ್ಟರ ಎದುರು ಇದನ್ನು ಕೊಚ್ಚಿಕೊಂಡ ಕಾಲವೊಂದಿತ್ತು. ಈಗ ಆ ಮಾತು ಬಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ.

ಕನ್ನಡದಲ್ಲಿ ‘ನಾವು’ ಒಂದೇ. ‘ನಾವು ಪೇಟೆಗೆ ಹೋಗುತ್ತೇವೆ’ ಎಂದರೆ ಕೇಳುತ್ತಿರುವವರೂ ಜೊತೆಗೆ ಬರಬಹುದು, ಅವರನ್ನು ಬಿಟ್ಟು ನಾವಷ್ಟೇ ಹೋಗಲೂಬಹುದು. ಹೇಳಿದವರ ಮುಖ ನೋಡಿ ತಿಳಿದುಕೊಳ್ಳಬೇಕು. ಮರಾಠಿಯಲ್ಲಿ ಹಾಗಿಲ್ಲ. ಎದುರಿಗಿದ್ದವರನ್ನು ಸೇರಿಸಿಕೊಂಡರೆ ‘ಆಪಣ’, ಹೊರಗಿಟ್ಟರೆ ‘ಆಮ್ಹಿ’. ಕುಂದಾಪುರ ಕಡೆಯ ನನ್ನ ಗಂಡನಿಗೆ ಮನೆಮಾತು ಕನ್ನಡ. ತುರ್ಭೆಯ ಕಾರ್ಖಾನೆಯೊಂದರ ಸ್ಟೋರಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಲಾರಿಯಿಂದ ಡ್ರಮ್ಮು ಇಳಿಸಿ ದಣಿದಿದ್ದ ಹಮಾಲರನ್ನು ಚಹಾಕ್ಕೆ ಕರೆಯಲು ಹೋಗಿ ‘ಆಮ್ಹಿ ಚಹಾ ಪ್ಯಾಯಲಾ ಜಾತೋ’ ಎಂದುಬಿಟ್ಟರಂತೆ. ಅಂದರೆ, ನಾವು ಚಹಾ ಕುಡಿಯಲು ಹೋಗುತ್ತೇವೆ, ನೀವು ಇಲ್ಲೇ ಇರಿ. ಇವರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಹೇಳಿ ಕಾದರು. ಗ್ಲಾಸುಗಳಲ್ಲಿ ಕೆನೆ ಕಟ್ಟಿದರೂ ಯಾರೂ ಬರಲಿಲ್ಲ. ಹೊರಗೆ ಬಂದು ನೋಡಿದರೆ ಹಮಾಲರು ಬಿಸಿಲಿನಲ್ಲಿ ಡ್ರಮ್ಮುಗಳಿಗೆ ಒರಗಿ ಕೂತಿದ್ದರು, ಒಬ್ಬರೂ ಇವರ ಮುಖ ನೋಡಲಿಲ್ಲ.

ಆಗಷ್ಟೇ ನಮ್ಮ ಮದುವೆಯಾಗಿತ್ತು. ನಾನು ಹುಟ್ಟಿ ಬೆಳೆದದ್ದು ಡೊಂಬಿವಿಲಿಯ ವಠಾರದಂಥ ಚಾಳಿನಲ್ಲಿ. ಕಾರ್ಕಳದಿಂದ ಬಂದ ಅಪ್ಪ ಸ್ಟೇಷನ್ ಹತ್ತಿರದ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಮನೆಯೊಳಗೆ ತುಳು, ಹೊಸ್ತಿಲು ದಾಟಿದರೆ ಮರಾಠಿ, ಶಾಲೆಯಲ್ಲಿ ಕನ್ನಡ. ಮೂರೂ ನನಗೆ ಸಲೀಸು. ಆ ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಬಂದ ಗಂಡ, ಮರಾಠಿಯವರಿಗೆ ಚಹಾಕ್ಕೆ ಕರೆದರೂ ಸಿಟ್ಟು ಬರುತ್ತದೆಯೇ ಎಂದು ಕೇಳಿದರು. ಏನು ಹೇಳಿದಿರಿ ಎಂದು ಕೇಳಿ ತಿಳಿದುಕೊಂಡು ನಾನು ನಕ್ಕ ನಗುವಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಆಮೇಲೆ ತುಳುವಿನಿಂದ ಪಾಠ ಹೇಳಿದೆ. ನಮ್ಮಲ್ಲೂ ಹೀಗೇ ಎರಡುಂಟು: ‘ನಮ’ ಎಂದರೆ ನೀವೂ ಸೇರಿ ನಾವು, ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು ನಾವು. ‘ನಮ’ವೇ ಆಪಣ, ‘ಎಂಕುಲು’ವೇ ಆಮ್ಹಿ. ನಿಮ್ಮ ಕನ್ನಡ ಈ ವಿಷಯದಲ್ಲಿ ಬಡವಿ ಎಂದು ಕೀಟಲೆಯನ್ನೂ ಮಾಡಿದೆ.

ಮರುದಿನ ಇವರು ಮಾಡಿದ್ದನ್ನು ಕೇಳಿ ನನಗೆ ಈ ಮನುಷ್ಯನ ಮೇಲೆ ನಿಜವಾದ ಪ್ರೀತಿ ಹುಟ್ಟಿತು. ಅಲ್ಲಿಯವರೆಗೆ ಇದ್ದದ್ದು ಮದುವೆಯಷ್ಟೇ. ಹಮಾಲರನ್ನೆಲ್ಲ ಸೇರಿಸಿ, ನಿನ್ನೆ ನನ್ನ ಬಾಯಿ ತಪ್ಪಿತು, ನನಗೆ ನಿಮ್ಮ ಭಾಷೆ ಬರುವುದಿಲ್ಲ, ಹೆಂಡತಿ ಕಲಿಸಿದಳು ಎಂದು ಹೇಳಿ, ‘ಆಪಣ ಚಹಾ ಘೇಊ’ ಎಂದರಂತೆ. ಹೊಸ ಆಫೀಸರು ಹಮಾಲರ ಎದುರು ಹೀಗೆ ಹೇಳಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅಂದಿನಿಂದ ಅವರಿಗೆ ‘ಆಪಣ ಸಾಹೇಬ’ ಎಂಬ ಹೆಸರು ಬಿತ್ತು. ಕೆಲಸ ಬಿಡುವವರೆಗೂ ಅದು ಹೋಗಲಿಲ್ಲ.

ಅದೇ ಕಾರ್ಖಾನೆಯಲ್ಲಿ ಇವರ ಮೇಲೊಬ್ಬ ದೊಡ್ಡ ಸಾಹೇಬರಿದ್ದರು. ತಪ್ಪು ಎಂಬ ಶಬ್ದ ಅವರ ಬಾಯಿಗೆ ಬಂದದ್ದೇ ಇಲ್ಲ. ಮಾಲು ಒದ್ದೆಯಾದರೆ ಮಳೆಯ ತಪ್ಪು, ಲಾರಿ ತಡವಾದರೆ ಡ್ರೈವರನ ತಪ್ಪು. ಯಾರಾದರೂ ಹೋಗಿ ದೂರು ಹೇಳಿದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ‘ನೋಟೆಡ್’ ಎನ್ನುತ್ತಿದ್ದರು. ಅಲ್ಲಿಗೆ ಆ ವಿಷಯ ಸತ್ತಿತು ಎಂದೇ ಅರ್ಥ. ನನ್ನ ಗಂಡ ಊಟಕ್ಕೆ ಕೂತಾಗ ಅವರನ್ನು ಅಣಕಿಸುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ನಾನೇ ಹೇಳಿಕೊಂಡರೂ ಗಂಟಲು ದಪ್ಪ ಮಾಡಿ ‘ನೋಟೆಡ್’. ಮಗಳು ಚಿಕ್ಕವಳಿದ್ದಾಗ ಅದನ್ನು ಕೇಳಿ ಅನ್ನ ಮೂಗಿಗೆ ಹತ್ತುವವರೆಗೆ ನಗುತ್ತಿದ್ದಳು.

ನಮ್ಮ ಕಟ್ಟಡ ನೆರೂಳದ ಹಳೆಯ ಸೆಕ್ಟರಿನದು. ಲಿಫ್ಟಿಲ್ಲ. ನಾವು ಕೆಳಮಹಡಿ, ಮೇಲುಗಡೆ, ತಾರಸಿಯ ಅಡಿಯಲ್ಲೇ, ಒಂದು ಮರಾಠಿ ದಂಪತಿ. ಆಕೆ ಬಾಲವಾಡಿಯಲ್ಲಿ ಟೀಚರಾಗಿದ್ದವರು. ಅಕ್ಕ ಎನ್ನುವ ಅರ್ಥದಲ್ಲಿ ನಾನು ಅವರನ್ನು ತಾಈ ಎನ್ನುತ್ತೇನೆ, ಅವರಿಗೆ ನಾನು ವಹಿನಿ, ಅಂದರೆ ಅತ್ತಿಗೆ, ನನ್ನ ಗಂಡ ಭಾವೂ, ಅಂದರೆ ಅಣ್ಣ. ಅವರ ಗಂಡ ಬಸ್ಸಿನ ಕಂಡಕ್ಟರಾಗಿದ್ದರು. ಮೆಟ್ಟಿಲಲ್ಲಿ ಅವರು ಯಾರನ್ನೋ ಮಾತಾಡಿಸಿದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು, ಅಂಥ ಗಂಟಲು. ಭಾನುವಾರ ಸಂಜೆ ನಾವು ಮೇಲೆ ಹೋದರೆ ತಾಈ ಬಾಗಿಲು ತೆರೆಯುವುದೂ ‘ಯಾ, ಆಪಣ ಚಹಾ ಘೇಊ’ ಎನ್ನುವುದೂ ಒಟ್ಟಿಗೇ ಆಗುತ್ತಿತ್ತು. ಬನ್ನಿ, ನಾವೆಲ್ಲ ಚಹಾ ಕುಡಿಯೋಣ. ನಾಲ್ವರೂ ಕೂತು ಕುಡಿಯುತ್ತಿದ್ದೆವು. ಕೆಲವು ವರ್ಷಗಳ ಕೆಳಗೆ ಅವರ ಗಂಡನಿಗೆ ಲಕ್ವಾ ಹೊಡೆದು ಬಲಬದಿಯೂ ಮಾತೂ ಹೋದವು. ಒಳಕೋಣೆಗೆ ಆಸ್ಪತ್ರೆಯಲ್ಲಿರುವಂಥ ಕಬ್ಬಿಣದ ಮಂಚ ಬಂತು. ಆಮೇಲೂ ಚಹಾ ನಿಲ್ಲಲಿಲ್ಲ. ಮಂಚದ ಸುತ್ತ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆವು, ತಾಈ ಅವರಿಗೆ ಚಮಚದಲ್ಲಿ ಕುಡಿಸುತ್ತಿದ್ದರು.

ನನ್ನ ಗಂಡ ನಿವೃತ್ತರಾದ ಮೇಲೆ ನಮ್ಮ ಕಟ್ಟಡದ ಸೊಸೈಟಿಯ ಚೇರ್ಮನ್ ಆದರು. ಅದಕ್ಕೆ ಮೊದಲಿನ ತಿಂಗಳುಗಳು ನನಗೆ ನೆನಪಿವೆ. ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೋಗಲು ಎಲ್ಲಿಯೂ ಇಲ್ಲದೆ, ಬಾಲ್ಕನಿಯಲ್ಲಿ ನಿಂತು ಸ್ಟೇಷನ್ನಿಗೆ ಓಡುವವರನ್ನು ನೋಡುತ್ತಿದ್ದರು. ಫೋನು ಅವರಿಗಾಗಿ ರಿಂಗಾಗುತ್ತಲೇ ಇರಲಿಲ್ಲ. ಹಾಗಾಗಿ ಕಟ್ಟಡದವರು ಬಂದು ನೀವೇ ಆಗಬೇಕು ಎಂದಾಗ ನಾನೇ ಹೆಚ್ಚು ಸಂತೋಷಪಟ್ಟೆ. ಸ್ಟೋರು ನಡೆಸಿದವರಿಗೆ ಈ ಕಟ್ಟಡ ಯಾವ ಲೆಕ್ಕ ಎಂದುಕೊಂಡೆ. ವಾಚ್‌ಮನ್ ಎದ್ದು ಸಲಾಮು ಹೊಡೆಯತೊಡಗಿದ, ‘ಚೇರ್ಮನ್ ಸಾಹೇಬ್’ ಎಂದು ಮಂದಿ ಮೆಟ್ಟಿಲಲ್ಲಿ ದಾರಿ ಬಿಡತೊಡಗಿದರು. ಇವರ ನಡಿಗೆಯೇ ಬೇರೆಯಾಯಿತು. ನಾನು ಊಟಕ್ಕೆ ಕರೆಯುವಾಗ ‘ಅಧ್ಯಕ್ಷರು ದಯಮಾಡಿಸಬೇಕು’ ಎನ್ನುತ್ತಿದ್ದೆ. ಮೊದಮೊದಲು ನಗುತ್ತಿದ್ದರು, ಆಮೇಲೆ ನಗುವುದು ಬಿಟ್ಟರು.

ತಾರಸಿ ಹಳತಾಗಿತ್ತು, ವಾಟರ್‌ಪ್ರೂಫಿಂಗ್ ಆಗಲೇಬೇಕಿತ್ತು. ಇವರು ಒಬ್ಬ ಕಂಟ್ರಾಕ್ಟರನನ್ನು ಹಿಡಿದು ತಂದರು, ನಮ್ಮ ಊರಿನ ಕಡೆಯವನು. ‘ನಮ್ಮವ’ ಎನ್ನುವುದೇ ಅವನ ಮೊದಲ ಯೋಗ್ಯತೆ. ಸಭೆಯಲ್ಲಿ ತಾಈ ಒಬ್ಬರೇ ಎದ್ದು, ಇನ್ನೊಬ್ಬರಿಗೂ ತೋರಿಸಿ ಕೇಳಿದರೆ ಒಳ್ಳೆಯದಲ್ಲವೇ, ನಾಳೆ ಸೋರಿದರೆ ತಾರಸಿಯ ಕೆಳಗೆ ಮಲಗಿರುವ ನಮ್ಮವರನ್ನು ಎತ್ತಿ ಆಚೀಚೆ ಮಾಡಲು ನನ್ನಿಂದಾಗುವುದಿಲ್ಲ ಎಂದರು. ಅವರಿಗೆ ಸಿಮೆಂಟಿನ ವಿಷಯ ತಿಳಿದಿರಲಿಲ್ಲ, ಹೆದರಿಕೆಯಾಗಿತ್ತು, ಅಷ್ಟೇ. ನನ್ನ ಗಂಡ ನಕ್ಕು ‘ಆಮ್ಹಿ ಪಾಹಿಲಂ ಆಹೇ’ ಎಂದರು. ನಾವು ನೋಡಿದ್ದೇವೆ. ಉಳಿದವರು ಕೈ ಎತ್ತಿದರು, ತಾಈ ಎತ್ತಲಿಲ್ಲ. ಕೆಲಸ ಮುಗಿದ ದಿನ ಇವರು ತಾರಸಿಯ ಮೇಲೆ ಎಲ್ಲರಿಗೂ ವಡಾಪಾವ್ ತರಿಸಿ, ಹಿಂದಿನ ಕಮಿಟಿಯವರಿಗೆ ಆಗದ್ದನ್ನು ನಾವು ಮಾಡಿ ತೋರಿಸಿದೆವು ಎಂದು ಮಾತಾಡಿದರು. ಅಲ್ಲಿಯೂ ‘ಆಮ್ಹಿ’. ಆಗ ನನ್ನ ಕಿವಿಗೆ ಅದು ತಟ್ಟಿತು. ಕೆಲಸ ಚೆನ್ನಾಗಿ ಆದಾಗ ‘ಆಪಣ’ ಎನ್ನಬಹುದಿತ್ತಲ್ಲ, ಕೇಳಿದವರಿಗೂ ಖುಷಿಯಾಗುತ್ತಿತ್ತು. ಬಾಯಿ ತಪ್ಪಿರಬೇಕು ಎಂದುಕೊಂಡು ವಡಾಪಾವ್ ತಿಂದೆ.

ಮೊದಲ ದೊಡ್ಡ ಮಳೆ ಹೊಡೆದ ವಾರವೇ ತಾಈ ಕೆಳಗೆ ಬಂದರು. ಮಂಚದ ನೇರಕ್ಕೆ ಛಾವಣಿಯಲ್ಲಿ ಒದ್ದೆ ಕಾಣುತ್ತಿದೆ ಎಂದರು. ನನ್ನ ಗಂಡ ಅವರ ಜೊತೆ ಮೇಲೆ ಹೋದರು, ನಾನೂ ಹಿಂದೆ ಹೋದೆ. ಇವರು ಒಳಕೋಣೆಯ ಬಾಗಿಲಲ್ಲೇ ನಿಂತು ಕತ್ತೆತ್ತಿ ನೋಡಿ, ಇದು ಹಳೆಯ ಕಲೆ, ಒಣಗಲು ಸಮಯ ಬೇಕು ಎಂದರು. ಒಳಗೆ ಕಾಲಿಡಲಿಲ್ಲ. ಮಂಚದ ಮೇಲಿನವರು ಎಡಗೈ ಎತ್ತಿ ಏನನ್ನೋ ತೋರಿಸುತ್ತಿದ್ದರು. ತಾಈ ಮತ್ತೇನೋ ಹೇಳಲು ಬಾಯಿ ತೆರೆದಾಗ ನನ್ನ ಗಂಡ ಕನ್ನಡಕ ಸರಿಮಾಡಿಕೊಂಡು ಒಂದೇ ಮಾತು ಹೇಳಿದರು.

“ನೋಟೆಡ್.”

ಅಣಕವಲ್ಲ. ಅವರಿಗೆ ತಾನು ಏನಂದೆ ಎನ್ನುವುದು ಗೊತ್ತೇ ಆಗಲಿಲ್ಲ. ಊಟದ ಹೊತ್ತಿಗೆ ಮಗಳಿಗೆ ಹೇಳಿದೆ, ಅವಳೂ ನಗಲಿಲ್ಲ.

ಮುಂದಿನ ವಾರ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಬಂತು. ಮಳೆಗಾಲದಲ್ಲಿ ಮನೆಯೊಳಗಿನ ಹಬೆಯಿಂದ ಛಾವಣಿ ಒದ್ದೆಯಾಗುವುದು ಸಹಜ, ಮೇಲಿನ ಮಹಡಿಯವರು ಕಿಟಕಿ ತೆರೆದಿಟ್ಟುಕೊಳ್ಳಬೇಕು ಎಂದು ಅದರ ಸಾರಾಂಶ. ಕೆಳಗೆ ನನ್ನ ಗಂಡನ ಸಹಿ. ಲಕ್ವಾ ಹೊಡೆದ ಮನುಷ್ಯನ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೆ ಕಿಟಕಿ ತೆರೆಯಿರಿ ಎನ್ನುವ ಬುದ್ಧಿವಾದ. ನಾನು ಅದನ್ನು ಓದಿ ಅಲ್ಲೇ ಹರಿದುಹಾಕಬೇಕು ಎಂದುಕೊಂಡೆ, ವಾಚ್‌ಮನ್ ನೋಡುತ್ತಿದ್ದ. ಆ ಭಾನುವಾರದಿಂದ ಇವರು ಮೇಲೆ ಚಹಾಕ್ಕೆ ಹೋಗುವುದನ್ನು ಬಿಟ್ಟರು. ನಾನೊಬ್ಬಳೇ ಹೋಗುತ್ತಿದ್ದೆ. ತಾಈ ಮಂಚವನ್ನು ಎದುರಿನ ಗೋಡೆಗೆ ಎಳೆದಿದ್ದರು. ಅದು ಕೋಣೆಯೊಳಗೇ ಜೋಡಿಸಿದ ಮಂಚ, ಬಾಗಿಲಿನಿಂದ ಹೊರಗೆ ತರುವ ಹಾಗಿರಲಿಲ್ಲ. ಅಲ್ಲಿಯೂ ಸೋರತೊಡಗಿತ್ತು, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದರ ಒಂದು ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟಿದ್ದರು. ಚಹಾ ಕುಡಿಯುವಾಗ ಟಪ್ ಟಪ್ ಎಂದು ಕೇಳಿಸುತ್ತಿತ್ತು, ನಾವಿಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಮನೆಯಲ್ಲಿ ನಾನು ಸುಮ್ಮನಿರಲಿಲ್ಲ. ಬಾಯಿ ಜೋರಿನವಳು ಎಂದು ನನಗೆ ಮೊದಲಿನಿಂದ ಹೆಸರಿದೆ, ಆ ದಿನಗಳಲ್ಲಿ ಅದನ್ನು ಪೂರಾ ಉಳಿಸಿಕೊಂಡೆ. ಕಂಟ್ರಾಕ್ಟರನನ್ನು ಕರೆಸಿ ಎಂದೆ. ಅವನು ಫೋನೇ ಎತ್ತುತ್ತಿರಲಿಲ್ಲ ಎನ್ನುವುದು ನನಗೆ ಆಮೇಲೆ ತಿಳಿಯಿತು. ಸೊಸೈಟಿಯವರಿಗೆ ಅದನ್ನು ಹೇಳಿದರೆ ತಾನು ಆರಿಸಿದವನು ಕೈಕೊಟ್ಟ ಎಂದು ಒಪ್ಪಿದ ಹಾಗಾಗುತ್ತದೆ, ಹಾಗಾಗಿ ಬೇರೆಯವರನ್ನು ಕರೆಸಲೂ ಇಲ್ಲ. ಒಂದು ಸಂಜೆ ಕೇಳಿಯೇಬಿಟ್ಟೆ.

“ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಎಂತ ಹೋಗ್ತದೆ?”

ಇವರು ಟೀವಿಯ ಕಡೆ ನೋಡುತ್ತಲೇ ಉತ್ತರ ಕೊಟ್ಟರು. “ನಿಂಗೊತ್ತಿಲ್ಲೆ ಮಾರಾಯ್ತಿ. ಒಂದ್ ಸಲ ಬಗ್ರೆ ಎಲ್ರೂ ಬೆನ್ನಿಗ್ ಹತ್ತುತ್ರ್. ಮತ್ತೆ ನನ್ನ ಮಾತ್ ಕೇಂಬರ್ ಯಾರ್?”

ಪಕ್ಕದಲ್ಲಿದ್ದ ಮಗಳು ಫೋನಿನಿಂದ ತಲೆಯೆತ್ತಿ, ‘ಪಪ್ಪಾ, ಏಕ್ ಸಾರಿ ಬೋಲ್ನೇ ಮೇಂ ಕ್ಯಾ ಜಾತಾ ಹೈ’ ಎಂದಳು, ಒಂದು ‘ಸಾರಿ’ ಅನ್ನಲು ಏನು ಹೋಗುತ್ತದೆ ಎಂದು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಇವರು ಎದ್ದು ಬಾಲ್ಕನಿಗೆ ಹೋದರು.

ಬಾಲ್ಕನಿಯಲ್ಲಿ ನಿಂತ ಆ ಬೆನ್ನನ್ನು ನೋಡಿದಾಗ ಸಿಟ್ಟಿನ ಜೊತೆಗೆ ಮರುಕವೂ ಬಂತು. ಹಮಾಲರ ಎದುರು ನನ್ನ ತಪ್ಪು ಎಂದವರು ಇವರೇ ತಾನೆ. ಆಗ ಇವರಿಗೆ ಕೆಲಸವಿತ್ತು, ಮೇಜಿತ್ತು, ನಾಳೆ ಬೆಳಿಗ್ಗೆ ಹೋಗಲು ಜಾಗವಿತ್ತು. ಒಂದು ಸಲ ಬಗ್ಗಿದರೂ ಕಳೆದುಹೋಗುವ ಭಯವಿರಲಿಲ್ಲ. ಈಗ ಇದ್ದದ್ದು ವಾಚ್‌ಮನ್ನನ ಸಲಾಮು ಒಂದೇ. ಅದನ್ನೂ ಕಳೆದುಕೊಂಡರೆ ಮತ್ತೆ ಇಸ್ತ್ರಿ ಅಂಗಿ ಹಾಕಿಕೊಂಡು ಬಾಲ್ಕನಿಯಲ್ಲಿ ನಿಲ್ಲಬೇಕು. ಇಷ್ಟೆಲ್ಲ ನನಗೆ ಅರ್ಥವಾಗುತ್ತಿತ್ತು. ಆದರೆ ಇವರಿಗೆ ಹೋಗುತ್ತಿದ್ದದ್ದು ಮಾನ, ಮೇಲಿನ ಮನೆಯವರಿಗೆ ತಲೆಯ ಮೇಲಿನ ಸೂರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನ್ನಿಂದಾಗಲಿಲ್ಲ.

ಮಳೆ ನಿಲ್ಲುವ ಲಕ್ಷಣ ಕಾಣಲಿಲ್ಲ, ಮಹಡಿಗಳಲ್ಲಿ ಗುಸುಗುಸು ಎದ್ದು ಕಮಿಟಿ ಸಭೆ ಕರೆಯಬೇಕಾಯಿತು. ಸಭೆಯ ಮಧ್ಯಾಹ್ನ ನಾನು ತೆಂಗಿನಕಾಯಿ ತುರಿಯುತ್ತಿದ್ದೆ, ಇವರು ಅಡುಗೆಮನೆಯ ಬಾಗಿಲಿಗೆ ಒರಗಿ ಭಾಷಣ ಅಭ್ಯಾಸ ಮಾಡುತ್ತಿದ್ದರು. ಹಿಂದಿನಿಂದಲೂ ರೂಢಿ ಅದು, ಮರಾಠಿ ತಪ್ಪಿದರೆ ನಾನು ತಿದ್ದಬೇಕು. ‘ಹೇ ಕಾಮ ಆಪಣ ಸಗಳ್ಯಾಂನೀ ಮಿಳೂನ್ ಠರವಲಂ’ ಎಂದರು. ಈ ಕೆಲಸವನ್ನು ನಾವೆಲ್ಲರೂ ಸೇರಿ ತೀರ್ಮಾನಿಸಿದೆವು. ನನ್ನ ಕೈ ತುರಿಮಣೆಯ ಮೇಲೆ ನಿಂತಿತು.

ವಡಾಪಾವ್ ದಿನದ ‘ಆಮ್ಹಿ’ ಬಾಯಿ ತಪ್ಪಿ ಬಂದದ್ದಾಗಿರಲಿಲ್ಲ. ಹೊಗಳಿಕೆ ಹಂಚುವಾಗ ಆಮ್ಹಿ, ನೀವು ಹೊರಗೆ. ತಪ್ಪು ಹಂಚುವಾಗ ಆಪಣ, ಎಲ್ಲರೂ ಒಳಗೆ ಬನ್ನಿ. ನಾನು ತುಳುವಿನಿಂದ ಬಿಡಿಸಿ ಕಲಿಸಿದ ಆ ಎರಡು ಶಬ್ದಗಳನ್ನು ಇವರು ಎಲ್ಲಿ ಯಾವುದು ಎಂದು ಅಳೆದು ಸುರಿಯುತ್ತಿದ್ದರು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ, ತಿದ್ದಲು ನನಗೆ ಏನೂ ಉಳಿದಿರಲಿಲ್ಲ. ಕನ್ನಡದಲ್ಲೇ ಮಾತಾಡಿ, ಅಲ್ಲಿ ಒಂದೇ ‘ನಾವು’ ಇರುವುದು ಎಂದೆ. ಇವರಿಗೆ ಅದು ಯಾವ ಕೀಟಲೆ ಎಂದು ತಿಳಿಯಲಿಲ್ಲ. ಕಟ್ಟಡದಲ್ಲಿ ಕನ್ನಡದವರು ಎಷ್ಟು ಮಂದಿ ಇದ್ದಾರೆ ಎಂದು ಕೇಳಿ ಬಟ್ಟೆ ಬದಲಿಸಲು ಹೋದರು.

ಸಭೆ ನಡೆದದ್ದು ಕೆಳಗಿನ ಸೊಸೈಟಿ ಕೋಣೆಯಲ್ಲಿ. ಉದ್ದ ಬೆಂಚುಗಳು, ಎದುರಿಗೆ ಒಂದು ಮೇಜು, ಮೇಜಿನ ಹಿಂದೆ ಕೈಯಿರುವ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂತು ನನ್ನ ಗಂಡ ಮಧ್ಯಾಹ್ನದ ವಾಕ್ಯವನ್ನು ಚೂರೂ ತಪ್ಪದೆ ಹೇಳಿದರು. ಹಿಂದಿನ ಬೆಂಚಿನಲ್ಲಿದ್ದ ತಾಈ ಎದ್ದು ನಿಂತರು. ಬಾಲವಾಡಿಯ ಮಕ್ಕಳನ್ನು ಕೇಳುವಂಥದೇ ಮೆತ್ತಗಿನ ದನಿ.

“ಆಪಣ ಮ್ಹಣಜೇ ಕೋಣ, ಭಾವೂ?”

ನಾವು ಎಂದರೆ ಯಾರು. ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಫೋನು ನೋಡಿಕೊಂಡರು, ಮೂರನೆಯ ಮಹಡಿಯವರು ಕೆಮ್ಮಿದರು. ಇಷ್ಟು ಸುಲಭದ ಪ್ರಶ್ನೆ. ‘ಮೀ’ ಎಂದರೆ ಮುಗಿಯುತ್ತಿತ್ತು. ನಾನು. ನಾನು ಆರಿಸಿದ ಮನುಷ್ಯ, ನನ್ನ ತಪ್ಪು, ನಾಳೆಯೇ ಬೇರೆಯವರನ್ನು ಕರೆಸುತ್ತೇನೆ. ನಾನು ಗಂಡನ ಮುಖವನ್ನೇ ನೋಡುತ್ತಿದ್ದೆ. ಒಂದು ಕ್ಷಣ ತುಟಿ ಅಲ್ಲಾಡಿತು, ಹೇಳಿಯೇಬಿಡುತ್ತಾರೆ ಎಂದುಕೊಂಡೆ. ಕನ್ನಡಕ ಕೆಳಗಿಳಿಯಿತು. ಮಳೆಗಾಲ ಮುಗಿಯಲಿ, ಆಮೇಲೆ ನೋಡೋಣ ಎಂದರು. ‘ನೋಡೋಣ’ಕ್ಕೂ ಆಪಣವನ್ನೇ ಹಾಕಿದರು. ತಾಈ ಕೂತುಕೊಂಡರು.

ಛಾವಣಿಯ ಪ್ಲಾಸ್ಟರ್ ಬಿದ್ದದ್ದು ಅದಾದ ಕೆಲವೇ ದಿನಗಳಲ್ಲಿ, ಊಟವಾಗಿ ಎಲ್ಲರೂ ಅಡ್ಡಾಗುವ ಹೊತ್ತಿನಲ್ಲಿ. ನಮ್ಮ ಮನೆಗೆ ಸದ್ದು ಕೇಳಲಿಲ್ಲ, ತಾಈಯ ಕೂಗು ಕೇಳಿತು. ನಾನು ಮೇಲೆ ಓಡಿದಾಗ ಪ್ಲಾಸ್ಟಿಕ್ ಹಾಳೆ ಹರಿದು, ಮಂಚದ ಮೇಲೆ ಬಾಣಲೆಯಷ್ಟಗಲದ ಸಿಮೆಂಟಿನ ಹೆಂಟೆಗಳು ಬಿದ್ದಿದ್ದವು. ಏಟು ಬಿದ್ದದ್ದು ಮಲಗಿದ್ದವರ ಬಲಗಾಲಿಗೆ, ಸ್ವಾಧೀನವಿಲ್ಲದ ಬದಿಗೆ. ಅವರಿಗೆ ನೋವು ಗೊತ್ತಾಗಿಯೇ ಇರಲಿಲ್ಲ. ರಕ್ತ ಹೋಗುತ್ತಿರುವುದು ನಮಗೆ ಕಾಣುತ್ತಿತ್ತು, ಅವರು ಮಾತ್ರ ಧೂಳು ತುಂಬಿದ ಕಣ್ಣಿನಿಂದ ಛಾವಣಿಯನ್ನೇ ನೋಡುತ್ತಿದ್ದರು. ಎಡಗೈ ಎತ್ತಿ ತೋರಿಸುತ್ತಿದ್ದರು, ಮೊದಲ ದಿನ ತೋರಿಸಿದ ಹಾಗೆಯೇ.

ಕೆಳಗಿಳಿಸಲು ಸ್ಟ್ರೆಚರ್ ಮೆಟ್ಟಿಲಿನಲ್ಲಿ ತಿರುಗಲಿಲ್ಲ. ಕೂರಿಸಿ ತರಬೇಕು, ಕೈಯಿರುವ ಕುರ್ಚಿ ಬೇಕು ಎಂದರು ಆಂಬುಲೆನ್ಸಿನವರು. ಕಟ್ಟಡದಲ್ಲಿ ಹಗುರವಾದ, ಕೈಯಿರುವ ಕುರ್ಚಿ ಸೊಸೈಟಿ ಕೋಣೆಯಲ್ಲಿ ಮಾತ್ರ ಇತ್ತು. ನನ್ನ ಗಂಡನೇ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಮೇಲೆ ಬಂದರು. ಅವರ ವಯಸ್ಸಿನವರು ಹಾಗೆ ಹತ್ತಬಾರದು. ಹಳೆಯ ಸೀರೆಯಿಂದ ಕಂಡಕ್ಟರರನ್ನು ಕುರ್ಚಿಗೆ ಕಟ್ಟಿ, ನಾಲ್ವರು ಹಿಡಿದು ಇಳಿಸಿದರು. ಹಿಡಿದವರಲ್ಲಿ ಇವರೂ ಒಬ್ಬರು. ಪ್ರತಿ ತಿರುವಿನಲ್ಲೂ ಇವರ ಮುಖ ಆ ಮನುಷ್ಯನ ಮುಖಕ್ಕೆ ಒಂದು ಗೇಣಿನಷ್ಟು ಹತ್ತಿರವಿತ್ತು. ಇಬ್ಬರೂ ಮಾತಾಡಲಿಲ್ಲ. ಒಬ್ಬರಿಗೆ ಮಾತು ಬರುತ್ತಿರಲಿಲ್ಲ.

ಆಸ್ಪತ್ರೆಯಿಂದ ಅವರನ್ನು ನೇರ ಕಲ್ಯಾಣಕ್ಕೆ, ತಾಈಯ ಮಗಳ ಮನೆಗೆ ಕರೆದುಕೊಂಡು ಹೋಗುವುದೆಂದಾಯಿತು. ತಾಈ ಬಟ್ಟೆಬರೆ ಕಟ್ಟಲು ಒಮ್ಮೆ ಬಂದರು. ನನ್ನ ಗಂಡ ಮೆಟ್ಟಿಲ ಬುಡದಲ್ಲಿ ಕಾದು ನಿಂತು, ಮನೆ ಸರಿ ಮಾಡಿಸೋಣ, ನೀವು ಬೇಗ ವಾಪಸು ಬರಬೇಕು ಎಂದರು. ‘ಆಪಣ ಕರೂ’ ಎಂದರು, ನಾವೆಲ್ಲ ಸೇರಿ ಮಾಡೋಣ. ತಾಈ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಸಿಟ್ಟಿನ ಮುಖವಲ್ಲ.

“ಆಮ್ಹಿ ನಿಘತೋ,” ಎಂದರು.

ನಾವು ಹೊರಡುತ್ತೇವೆ. ಮರಾಠಿಯವರು ದಿನಾ ಹೊರಡುವಾಗ ಆಡುವ ಮಾತೇ ಅದು, ಬೇರೆ ಶಬ್ದ ಬಳಸಲು ಬರುವುದೂ ಇಲ್ಲ. ಭಾವೂ ಎನ್ನಲಿಲ್ಲ, ಅದೊಂದೇ ವ್ಯತ್ಯಾಸ. ರಿಕ್ಷಾ ಹೋದ ಮೇಲೂ ನನ್ನ ಗಂಡ ಅಲ್ಲೇ ನಿಂತಿದ್ದರು. ಮಳೆ ಬೀಳುತ್ತಿದೆ, ಒಳಗೆ ಬನ್ನಿ ಎಂದು ನಾನೇ ಕರೆಯಬೇಕಾಯಿತು.

ಆಮೇಲೆ ಇವರು ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದರು. ಕೇಳಿದರೆ ಏನಿಲ್ಲ. ಒಂದು ಬೆಳಿಗ್ಗೆ ಬೋರ್ಡಿನ ಆ ನೋಟಿಸನ್ನು ತಾವೇ ಕಿತ್ತು ತಂದು, ಏನು ಮಾಡಬೇಕೆಂದು ತಿಳಿಯದೆ ಫ್ರಿಜ್ಜಿನ ಮೇಲಿಟ್ಟರು. ಮಳೆ ಕಡಿಮೆಯಾದ ಮೇಲೆ ನಡೆದ ಸಭೆಗೆ ಅಡುಗೆಮನೆಯಲ್ಲಿ ಅಭ್ಯಾಸ ನಡೆಯಲಿಲ್ಲ. ಅಲ್ಲಿ ಕುರ್ಚಿಯಲ್ಲಿ ಕೂರದೆ, ಮೇಜಿಗೆ ಕೈ ಊರಿ ನಿಂತು, ‘ಮೀ ಚುಕಲೋ’ ಎಂದರು. ನಾನು ತಪ್ಪಿದೆ. ಕಂಟ್ರಾಕ್ಟರನನ್ನು ತಂದವನು ನಾನು, ಸೋರುವುದನ್ನು ಕಣ್ಣಾರೆ ನೋಡಿಯೂ ಇಲ್ಲ ಎಂದವನು ನಾನು, ನಾಳೆಯಿಂದ ಬೇರೆಯವರು ಈ ಜಾಗಕ್ಕೆ ಬರಲಿ ಎಂದರು. ದನಿ ಎಷ್ಟು ಸಣ್ಣಗಿತ್ತೆಂದರೆ ಹಿಂದಿನವರು ಏನು, ಏನು ಎಂದು ಕೇಳಿದರು. ಇವರು ಇನ್ನೊಮ್ಮೆ ಹೇಳಿದರು.

ಆಗ ಆದದ್ದು ನನಗೆ ಈಗಲೂ ಸಹಿಸಲಾಗದು. ಎಲ್ಲರೂ ಒಟ್ಟಿಗೆ ಇವರನ್ನು ಸಮಾಧಾನ ಮಾಡಲು ಎದ್ದರು. ಛೇ ಸಾಹೇಬ್, ನಿಮ್ಮೊಬ್ಬರದು ಏನು, ಆಪಣ ಸಗಳ್ಯಾಂನೀಚ್ ಠರವಲಂ ಎಂದರು. ನಾವೆಲ್ಲರೂ ಸೇರಿಯೇ ತೀರ್ಮಾನಿಸಿದ್ದು. ಇವರು ಬಿತ್ತಿದ ಶಬ್ದವನ್ನೇ ಇವರ ಕೈಗೆ ವಾಪಸು ಕೊಟ್ಟರು, ಅದೂ ಪ್ರೀತಿಯಿಂದ. ಎಲ್ಲರೂ ಪಾಲು ತೆಗೆದುಕೊಂಡರೆ ಯಾರಿಗೂ ಭಾರವಿಲ್ಲ ನೋಡಿ. ಇವರು ಬೇಡ ಬೇಡ ಎನ್ನುವಂತೆ ಕೈಯಾಡಿಸುತ್ತಲೇ ಇದ್ದರು. ಇವರ ‘ಮೀ ಚುಕಲೋ’ ಕೇಳಬೇಕಾಗಿದ್ದ ಒಬ್ಬರು ಮಾತ್ರ ಆ ಕೋಣೆಯಲ್ಲಿರಲಿಲ್ಲ.

ಇಲ್ಲಿ ಹೇಳಿ ಏನು ಬಂತು, ಕಲ್ಯಾಣಕ್ಕೆ ನಡೆಯಿರಿ ಎಂದು ನಾನೇ ಹೊರಡಿಸಿದೆ. ಅಷ್ಟು ಹೊತ್ತಿಗೆ ತಾರಸಿಯನ್ನು ಇನ್ನೊಬ್ಬರಿಂದ ಅಗೆಸಿ ಹೊಸತಾಗಿ ಮಾಡಿಸಿಯಾಗಿತ್ತು, ಮೇಲಿನ ಮನೆಗೆ ಸುಣ್ಣವೂ ಆಗಿತ್ತು. ನೆರೂಳದಿಂದ ಥಾಣೆಗೆ ಹೋಗುವ ಲೋಕಲ್ ರೈಲು ಹಿಡಿದೆವು. ತುರ್ಭೆ ಬಂದಾಗ ಇವರು ಎಂದಿನಂತೆ ಕಾರ್ಖಾನೆಯ ಕಡೆ ಕತ್ತು ತಿರುಗಿಸಲಿಲ್ಲ, ಮೊಣಕಾಲ ಮೇಲಿದ್ದ ಹಣ್ಣಿನ ಚೀಲವನ್ನೇ ನೋಡುತ್ತಿದ್ದರು. ಥಾಣೆಯಲ್ಲಿ ಗಾಡಿ ಬದಲಿಸುವಾಗ ಜನರ ನೂಕಾಟದಲ್ಲಿ ನನ್ನ ಕಿವಿಯ ಹತ್ತಿರ ಬಂದು ಕೇಳಿದರು.

“ಅವ್ರ್ ಒಳಗೆ ಕರೀತ್ರಾ ಅಂದೇಳಿ?”

ನನಗೂ ಗೊತ್ತಿರಲಿಲ್ಲ.

ತಾಈ ಒಳಗೆ ಕರೆದರು. ಮಗಳ ಮನೆ ಚಿಕ್ಕದು. ಹೊರಗಿನ ಕೋಣೆಯಲ್ಲೇ ಮಂಚ ಹಾಕಿ ಪರದೆ ಕಟ್ಟಿದ್ದರು. ಅವರ ಗಂಡ ಇನ್ನೂ ಇಳಿದುಹೋಗಿದ್ದರು. ಕಾಲಿನ ಗಾಯ ಮಾಯುತ್ತಿಲ್ಲ ಎಂದು ತಾಈ ಹೇಳಿದರು, ಅದು ನಮಗೆ ಹೇಳಿದ ದೂರಲ್ಲ, ಹಾಲು ಬಂತು ಎಂದು ಹೇಳಿದ ಹಾಗೆ. ನನ್ನ ಗಂಡ ಮಂಚದ ಹತ್ತಿರ ಹೋಗಿ, ಈ ಸಲ ಬಾಗಿಲಲ್ಲಿ ನಿಲ್ಲದೆ ಪೂರಾ ಒಳಗೆ ಹೋಗಿ, ಆ ಎಡಗೈಯನ್ನು ಹಿಡಿದುಕೊಂಡು ತಾವು ಹೇಳಬೇಕಾದ್ದನ್ನು ಹೇಳಿದರು. ಮೀ ಚುಕಲೋ. ಮಲಗಿದ್ದವರು ಇವರನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಏನಿತ್ತೆಂದು ಇವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮನೆ ಸರಿಯಾಗಿದೆ, ಯಾವಾಗ ಬರುತ್ತೀರಿ ಎಂದು ಇವರು ತಾಈಯನ್ನು ಕೇಳಿದರು. ಆಕೆ ನೋಡೋಣ ಎಂದು ಕೂಡ ಅನ್ನದೆ ಅಡುಗೆಮನೆಗೆ ಹೋದರು. ನಾನು ಒಳಗೆ ಹೋಗಿ ಸಹಾಯ ಮಾಡಲೇ ಎಂದು ಎದ್ದೆ. ಬೇಡ, ಕೂತುಕೊಳ್ಳಿ ಎಂಬ ದನಿ ಬಂತು.

ಏಲಕ್ಕಿ ಕುಟ್ಟುವ ಸದ್ದು ಕೇಳಿದಾಗ ಇವರ ಮುಖ ಸ್ವಲ್ಪ ಸಡಿಲವಾಯಿತು. ಚಹಾ ಬರುತ್ತದೆ, ನಾಲ್ವರೂ ಮಂಚದ ಸುತ್ತ ಕೂರುತ್ತೇವೆ ಎಂದು ನನಗೂ ಆಸೆ ಹುಟ್ಟಿತು. ಇವರು ಗೋಡೆಯ ಬದಿಯ ಸ್ಟೂಲನ್ನು ಎಳೆದು, ತಾಈಗೆಂದು ಮಂಚದ ಪಕ್ಕಕ್ಕೆ ಇಟ್ಟರು.

ತಾಈ ತಟ್ಟೆ ಹಿಡಿದು ಬಂದರು. ಅದರಲ್ಲಿ ಎರಡು ಕಪ್ಪಿದ್ದವು. ಒಂದನ್ನು ನನಗೆ, ಒಂದನ್ನು ಇವರಿಗೆ ಕೊಟ್ಟು, ಸ್ಟೂಲಿನ ಮೇಲೆ ಕೂರದೆ ಗಂಡನ ಹೊದಿಕೆ ಸರಿಮಾಡಲು ಬಗ್ಗಿದರು.

“ತುಮ್ಹಿ ಘ್ಯಾ,” ಎಂದರು. “ಆಮಚಾ ಝಾಲಾ.”

ನೀವು ತೆಗೆದುಕೊಳ್ಳಿ, ನಮ್ಮದಾಯಿತು. ಅದು ಯಾವ ‘ನಮ್ಮದು’ ಎಂದು ನನ್ನ ಗಂಡನಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಚಹಾದ ಮೇಲೆ ಕೆನೆ ಕಟ್ಟಿದ ಮೇಲೆ ಒಂದೇ ಸಲಕ್ಕೆ ಕುಡಿದು, ಕಪ್ಪನ್ನು ತಾವೇ ತೊಳೆದಿಟ್ಟು ಬಂದರು.